ಜೋಡಿ ಫೀಲ್ಡ್ ಶೂಟಿಂಗ್‌ಗೆ ತೋಟಾ ಆಯ್ಕೆ: ಮಿಲ್ ಹೇಳಬೇಡಿ, ಗಾಳಿ ಹೇಳಿ

ಅಮೆರಿಕದ ವಯೋಮಿಂಗ್, ಯೂಟಾ, ಕೊಲೊರಾಡೊ, ನ್ಯೂ ಮೆಕ್ಸಿಕೊಗಳ ಒಣ ಬೆಟ್ಟಗಳಲ್ಲಿ ನಡೆಯುವ ಜೋಡಿ ಫೀಲ್ಡ್ ಮ್ಯಾಚ್‌ಗಳಿಗೂ ಸಿಮೆಂಟು ನೆಲದ ಮೇಲೆ ಮಲಗಿ ಹೊಡೆಯುವ ರೇಂಜಿನ ಸ್ಪರ್ಧೆಗೂ ಅಜಗಜಾಂತರ. ಇಲ್ಲಿ ಇಬ್ಬರು ರೈಫಲ್, ಚೀಲ, ನೀರು ಎಲ್ಲ ಹೊತ್ತು ಗುಡ್ಡ ಹತ್ತುತ್ತಾರೆ. ಸ್ಟೇಜ್ (ಹೊಡೆಯುವ ತಾಣ) ತಲುಪಿದ ಮೇಲಷ್ಟೇ ಗುರಿಗಳು ಯಾವ ದಿಕ್ಕಿಗಿವೆ ಎಂಬುದು ತಿಳಿಯುತ್ತದೆ. ಪೊದೆಗಳ ನಡುವೆ ಉಕ್ಕಿನ ಹಲಗೆಗಳನ್ನು ಹುಡುಕಿ, ಲೇಸರ್‌ನಿಂದ ದೂರ ಅಳೆದು, ಗಾಳಿ ಲೆಕ್ಕ ಹಾಕಿ, ಕೆಲವೇ ನಿಮಿಷಗಳಲ್ಲಿ ಇಬ್ಬರೂ ಹೊಡೆದು ಮುಗಿಸಬೇಕು. ದೂರ ಸಾಮಾನ್ಯವಾಗಿ 200ರಿಂದ 800 ಮೀಟರ್, ಕೆಲವೊಮ್ಮೆ ಅದಕ್ಕೂ ಆಚೆ.

ಹೊಸಬರ ಜೋಡಿ ಮೊದಲು ಕೇಳುವ ಪ್ರಶ್ನೆ: ಯಾವ ತೋಟಾ ಒಳ್ಳೆಯದು? ಒಬ್ಬರೇ ಹೊಡೆಯುವ ಸ್ಪರ್ಧೆಗೆ ಅದು ಸರಿಯಾದ ಪ್ರಶ್ನೆ. ಜೋಡಿಯಲ್ಲಿ ಕೇಳಬೇಕಾದ್ದು ಬೇರೆ: ನನ್ನ ಜೊತೆಗಾರ ಈಡು ಹೊಡೆದು ಕಲಿತದ್ದನ್ನು ನನ್ನ ತೋಟಾಕ್ಕೆ ಎಷ್ಟು ಬೇಗ ಬದಲಾಯಿಸಿಕೊಳ್ಳಬಹುದು? ಇಬ್ಬರ ಕೈಯಲ್ಲೂ ಅತ್ಯುತ್ತಮ ತೋಟಾ ಇದ್ದು, ಒಬ್ಬನ ಲೆಕ್ಕ ಇನ್ನೊಬ್ಬನಿಗೆ ಅರ್ಥವಾಗದೆ ಸಮಯ ಮುಗಿದುಹೋಗುವುದು ಈ ಆಟದಲ್ಲಿ ದಿನನಿತ್ಯದ ನೋಟ.

ಒಂದು ಮಾತು ಪದಗಳ ಬಗ್ಗೆ. ಮಲೆನಾಡು, ಕೊಡಗಿನವರಿಗೆ ಕೋವಿ, ನಳಿಗೆ, ತೋಟಾ, ಈಡು ಗೊತ್ತಿರುವ ಮಾತುಗಳೇ. ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡಿದವರಿಗಂತೂ ಹೇಳಬೇಕಿಲ್ಲ. ಆದರೆ ಮಿಲ್ ಎಂಬ ಕೋನದ ಅಳತೆ ಅಲ್ಲಿ ಬೇಕಾಗುವುದಿಲ್ಲ. ಇಲ್ಲಿ ಎಲ್ಲವೂ ಅದರಲ್ಲೇ ನಡೆಯುತ್ತದೆ. 1 ಮಿಲ್ ಎಂದರೆ 100 ಮೀಟರ್ ದೂರದಲ್ಲಿ 10 ಸೆಂಟಿಮೀಟರ್, 500ರಲ್ಲಿ 50, 800ರಲ್ಲಿ 80. ಸ್ಕೋಪಿನ ಗುಂಡಿಯೂ ಒಳಗಿನ ಗೆರೆಗಳೂ ಇದೇ ಅಳತೆಯಲ್ಲಿರಬೇಕು. ಇಬ್ಬರಲ್ಲಿ ಒಬ್ಬರದು ಮಿಲ್, ಇನ್ನೊಬ್ಬರದು ಎಂಓಎ (ಕೋನದ ಇನ್ನೊಂದು ಅಳತೆ) ಆಗಿದ್ದರೆ ಮುಂದೆ ಓದುವ ಮೊದಲು ಒಂದು ಸ್ಕೋಪ್ ಬದಲಾಯಿಸಿ.

ಮೊದಲು ನಿಯಮ ಪುಸ್ತಕ

ತೋಟಾ ಕೊಳ್ಳುವ ಮೊದಲು ಆ ಮ್ಯಾಚಿನ ನಿಯಮಗಳನ್ನು ಓದಿ. ಮೂರು ಸಂಗತಿ ನೋಡಬೇಕು. ಒಂದು, ಜೋಡಿಯ ರೂಪ: ಇಬ್ಬರೂ ದೂರದ ಬೋಲ್ಟ್ ರೈಫಲ್ (ಪ್ರತಿ ಈಡಿಗೂ ಕೈಯಿಂದ ಎಳೆದು ತೋಟಾ ಏರಿಸುವಂಥದ್ದು) ಹಿಡಿಯಬೇಕೋ, ಇಲ್ಲ ಒಬ್ಬರದು ಬೋಲ್ಟ್ ರೈಫಲ್, ಇನ್ನೊಬ್ಬರದು .223ರ ಕಾರ್ಬೈನೋ (ಗಿಡ್ಡ ನಳಿಗೆಯ ಹಗುರ ರೈಫಲ್). ಎರಡು, ವೇಗದ ಮಿತಿ. ಪಿಆರ್‌ಎಸ್ (ಪ್ರಿಸಿಷನ್ ರೈಫಲ್ ಸೀರೀಸ್) ಸ್ಪರ್ಧೆಗಳ ನಿಯಮದಲ್ಲಿ ಗುಂಡು ಸೆಕೆಂಡಿಗೆ 3200 ಅಡಿ, ಅಂದರೆ ಸುಮಾರು 975 ಮೀಟರ್ ದಾಟುವಂತಿಲ್ಲ, ವ್ಯಾಸ .30 ಇಂಚು ಮೀರುವಂತಿಲ್ಲ, ಬೇರೆ ಮ್ಯಾಚುಗಳೂ ಇಂಥದ್ದೇ ಮಿತಿ ಹಾಕುತ್ತವೆ. ಅತಿ ವೇಗದ ಗುಂಡು ಹತ್ತಿರದ ಉಕ್ಕಿನಲ್ಲಿ ಕುಳಿ ಹೊಡೆಯುತ್ತದೆ. ಕುಳಿಬಿದ್ದ ಹಲಗೆ ಮುಂದಿನ ಗುಂಡಿನ ಚೂರುಗಳನ್ನು ಎತ್ತೆತ್ತಲೋ ಚಿಮ್ಮಿಸುತ್ತದೆ. ಮೂರು, ಉಕ್ಕಿನ ತಿರುಳಿರುವ ಗುಂಡು ಮತ್ತು ಟ್ರೇಸರ್ (ಉರಿಯುತ್ತಾ ಸಾಗುವ ಗುಂಡು) ನಿಷೇಧ. ಒಣಹುಲ್ಲಿನ ಬೆಟ್ಟದಲ್ಲಿ ಒಂದು ಕಿಡಿ ಸಾಕು ಕಾಳ್ಗಿಚ್ಚಿಗೆ. ನೋಂದಣಿ ಮೇಜಿನಲ್ಲಿ ಅಯಸ್ಕಾಂತ ಹಿಡಿದು ನೋಡುವುದುಂಟು. ಅಗ್ಗಕ್ಕೆ ಸಿಕ್ಕ ಹಸಿರು ತುದಿಯ ಮಿಲಿಟರಿ 5.56 ತೋಟಾ ಇಲ್ಲೇ ಸಿಕ್ಕಿಬೀಳುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರು ಇದಕ್ಕೂ ಮುಂಚೆ ನೋಡಬೇಕಾದ್ದು ತಮ್ಮ ವೀಸಾ. ಎಚ್-1ಬಿಯಂಥ ನಾನ್-ಇಮಿಗ್ರಂಟ್ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನ ತಡೆಯಿದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಹೊಂದಿರುವುದು ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ಗೆಳೆಯನ ರೈಫಲ್ ತಾನೇ ಎಂದು ಕೈಗೆತ್ತಿಕೊಳ್ಳುವ ಮೊದಲು ವಕೀಲರೊಬ್ಬರನ್ನು ಕೇಳಿ; ಇದು ಸಣ್ಣ ದಂಡ ಕಟ್ಟಿ ಮುಗಿಯುವ ತಪ್ಪಲ್ಲ.

ನಾಲ್ಕು ತೋಟಾ, ಪಕ್ಕಪಕ್ಕದಲ್ಲಿ

ಮಾರುಕಟ್ಟೆಯಲ್ಲಿ ಹತ್ತಾರು ಇವೆ. ಜೋಡಿಗೆ ಬೇಕಾದ ಹೋಲಿಕೆ ಈ ನಾಲ್ಕರಲ್ಲೇ ಸಿಗುತ್ತದೆ.

.308 ವಿಂಚೆಸ್ಟರ್ 1952ರದ್ದು, ನಾಲ್ಕರಲ್ಲಿ ಹಿರಿಯಣ್ಣ. 175 ಗ್ರೇನ್, ಅಂದರೆ 11.3 ಗ್ರಾಮಿನ ಮ್ಯಾಚ್ ಗುಂಡು ಸೆಕೆಂಡಿಗೆ ಸುಮಾರು 790 ಮೀಟರ್ ವೇಗದಲ್ಲಿ ಹೊರಡುತ್ತದೆ. ನಳಿಗೆ 5000 ಈಡು ದಾಟಿಯೂ ಬಾಳುತ್ತದೆ, ತೋಟಾ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ.

6.5 ಕ್ರೀಡ್‌ಮೋರ್ ಅನ್ನು ಹಾರ್ನಡಿ ಕಂಪನಿ 2007ರಲ್ಲಿ ಪರಿಚಯಿಸಿತು. ಗುರಿ ಸ್ಪರ್ಧೆಗೆಂದೇ ಹುಟ್ಟಿದ್ದು. 140 ಗ್ರೇನಿನ ಉದ್ದ ತೆಳ್ಳನೆಯ ಗುಂಡು, ವೇಗ ಸುಮಾರು 826 ಮೀಟರ್. ನಳಿಗೆಯ ಆಯಸ್ಸು ಎರಡರಿಂದ ಮೂರು ಸಾವಿರ ಈಡು.

6 ಎಂಎಂ ಕ್ರೀಡ್‌ಮೋರ್ ಅದರದೇ ಕಂಠ ಕಿರಿದಾಗಿಸಿದ ತಮ್ಮ. 108 ಗ್ರೇನ್, ಸುಮಾರು 900 ಮೀಟರ್. ಒದೆ ಕಡಿಮೆ, ಹಾಗಾಗಿ ಹೊಡೆದವನಿಗೇ ತನ್ನ ಗುಂಡು ಬಿದ್ದ ಜಾಗ ಸ್ಕೋಪಿನಲ್ಲಿ ಕಾಣುತ್ತದೆ. ಬೆಲೆ ತೆರುವುದು ನಳಿಗೆ: ಸಾವಿರದೈನೂರರ ಆಸುಪಾಸಿನಲ್ಲಿ ಸವೆದುಹೋಗುತ್ತದೆ.

.223 ರೆಮಿಂಗ್ಟನ್ ಕಾರ್ಬೈನಿನದು. 77 ಗ್ರೇನ್, 5 ಗ್ರಾಮ್. 16 ಇಂಚಿನ ನಳಿಗೆಯಿಂದ ಸುಮಾರು 800 ಮೀಟರ್ ವೇಗ. ನಳಿಗೆಯ ಸುತ್ತು 8 ಅಥವಾ 7 ಇಂಚಿಗೆ ಒಂದರಂತೆ ಇರಬೇಕು. ಹಳೆಯ 12 ಇಂಚಿನ ಸುತ್ತಿನ ನಳಿಗೆಯಲ್ಲಿ ಈ ಭಾರದ ಗುಂಡು ಸ್ಥಿರವಾಗದೆ ಕಾಗದಕ್ಕೆ ಅಡ್ಡಡ್ಡ ಬೀಳುತ್ತದೆ.

ಸಮುದ್ರ ಮಟ್ಟದ ಪ್ರಮಾಣಿತ ಗಾಳಿಯಲ್ಲಿ, 100 ಮೀಟರಿಗೆ ಝೀರೋ ಮಾಡಿದ, ಅಂದರೆ ಆ ದೂರದಲ್ಲಿ ಗುಂಡು ಗುರಿಯಿಟ್ಟಲ್ಲೇ ಬೀಳುವಂತೆ ಸ್ಕೋಪ್ ಹೊಂದಿಸಿದ ರೈಫಲ್‌ಗಳ ಲೆಕ್ಕ ಹೀಗೆ ಬರುತ್ತದೆ. ಎತ್ತರ ಎಂದರೆ ಸ್ಕೋಪನ್ನು ಏರಿಸಬೇಕಾದಷ್ಟು, ಗಾಳಿಗೆ ಎಂದರೆ ಗಾಳಿ ಬರುವ ಕಡೆಗೆ ಸರಿಸಿ ಹಿಡಿಯಬೇಕಾದಷ್ಟು. ಗಾಳಿ ಸೆಕೆಂಡಿಗೆ 4 ಮೀಟರ್, ನೇರ ಅಡ್ಡ ಬೀಸುತ್ತಿದೆ ಎಂದುಕೊಳ್ಳಿ.

500 ಮೀಟರ್: 6.5ಕ್ಕೆ ಎತ್ತರ 3.3 ಮಿಲ್, ಗಾಳಿಗೆ 0.8. .308ಕ್ಕೆ ಎತ್ತರ 4.0, ಗಾಳಿಗೆ 1.2. .223ಕ್ಕೆ ಎತ್ತರ 4.3, ಗಾಳಿಗೆ 1.6.

600 ಮೀಟರ್: 6.5ಕ್ಕೆ 4.4 ಮತ್ತು 1.0. .308ಕ್ಕೆ 5.5 ಮತ್ತು 1.5. .223ಕ್ಕೆ 6.1 ಮತ್ತು 2.1.

800 ಮೀಟರ್: 6.5ಕ್ಕೆ 7.0 ಮತ್ತು 1.4. .308ಕ್ಕೆ 9.2 ಮತ್ತು 2.3. ಇಲ್ಲಿ .223ರ ಹೆಸರೆತ್ತಬೇಡಿ.

6 ಎಂಎಂ ಗಾಳಿಯಲ್ಲಿ 6.5ರ ಹತ್ತಿರ ಹತ್ತಿರವೇ ಇರುತ್ತದೆ, ಕಾರ್ಖಾನೆಯ 108 ಗ್ರೇನಿನಲ್ಲಿ ಕೂದಲೆಳೆಯಷ್ಟು ಹೆಚ್ಚು ಸರಿಯುತ್ತದೆ. ವೇಗ ಹೆಚ್ಚಿದ್ದರೆ ಗಾಳಿ ಕಡಿಮೆ ತಗಲುತ್ತದೆ ಎಂದು ನಂಬಿದವರಿಗೆ ಇದು ಅಚ್ಚರಿ. ಗಾಳಿಯ ಲೆಕ್ಕದಲ್ಲಿ ವೇಗದಷ್ಟೇ ಮುಖ್ಯ ಆ ವೇಗವನ್ನು ಗುಂಡು ಎಷ್ಟು ಉಳಿಸಿಕೊಳ್ಳುತ್ತದೆ ಎಂಬುದು. ಅದನ್ನೇ ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್ ಎನ್ನುವುದು. ಜಿ7 ಎಂಬುದು ಉದ್ದ ಗುಂಡುಗಳಿಗೆ ಬಳಸುವ ಮಾನ, ಅಂಕಿ ದೊಡ್ಡದಾದಷ್ಟೂ ಒಳ್ಳೆಯದು; ಅದರಲ್ಲಿ 6.5ರ ಗುಂಡಿನದು 0.326, 175 ಗ್ರೇನ್ .308ರದ್ದು 0.243, 77 ಗ್ರೇನಿನದು 0.19ರ ಆಸುಪಾಸು.

ದೂರ ಅಳೆಯುವಾಗ ಆಗುವ ತಪ್ಪನ್ನು ತೋಟಾ ಎಷ್ಟು ಕ್ಷಮಿಸುತ್ತದೆ ಎಂಬುದನ್ನೂ ನೋಡಿ. 800 ಮೀಟರಿನ ಹತ್ತಿರ ದೂರದಲ್ಲಿ 10 ಮೀಟರ್ ತಪ್ಪಿದರೆ 6.5ರ ಗುಂಡು ಸುಮಾರು 11 ಸೆಂಟಿಮೀಟರ್ ಮೇಲೆ ಕೆಳಗೆ ಹೋಗುತ್ತದೆ, .308ರದು 17. ಲೇಸರ್ ಕಿರಣ ಹಲಗೆ ಬಿಟ್ಟು ಹಿಂದಿನ ಪೊದೆಗೆ ಬಡಿದು ಸುಳ್ಳು ದೂರ ತೋರಿಸುವುದು ಫೀಲ್ಡಿನಲ್ಲಿ ಸಾಮಾನ್ಯ. 30 ಸೆಂಟಿಮೀಟರ್ ಎತ್ತರದ ಹಲಗೆಯ ಮೇಲೆ ಈ ಆರು ಸೆಂಟಿಮೀಟರ್ ವ್ಯತ್ಯಾಸ ಅಂಕವಾಗಿ ಕಾಣುತ್ತದೆ.

ಭಾರದ ಗುಂಡು ಹಲಗೆಯನ್ನು ಜೋರಾಗಿ ಅಲ್ಲಾಡಿಸುತ್ತದೆ, ಅದಕ್ಕೇ .308 ಬೇಕು ಎನ್ನುವ ಹಳಬರಿದ್ದಾರೆ. 300ರಲ್ಲಿ ನಿಜ. 800ಕ್ಕೆ ಬರುವಷ್ಟರಲ್ಲಿ .308 ಗುಂಡಿನ ವೇಗ ಸುಮಾರು 375 ಮೀಟರಿಗೆ ಇಳಿದಿರುತ್ತದೆ, 6.5ರದು ಇನ್ನೂ 495ರ ಹತ್ತಿರ. ತೂಕ ಮತ್ತು ವೇಗ ಗುಣಿಸಿ ನೋಡಿ, ಹಗುರ ಗುಂಡೇ ಸ್ವಲ್ಪ ಮುಂದಿರುತ್ತದೆ.

ನಮ್ಮ ಶಿಫಾರಸು ಚಿಕ್ಕದು. ಇಬ್ಬರೂ ಬೋಲ್ಟ್ ರೈಫಲ್ ಆದರೆ ಇಬ್ಬರೂ 6.5 ಕ್ರೀಡ್‌ಮೋರ್, ಒಂದೇ ಗುಂಡು, ಸಾಧ್ಯವಾದರೆ ಒಂದೇ ಉದ್ದದ ನಳಿಗೆ. ಒಬ್ಬರಿಗೆ 6 ಎಂಎಂ ಕೊಟ್ಟು ಸಿಗುವ ಲಾಭಕ್ಕಿಂತ ಒಂದೇ ಲೆಕ್ಕ ಇಬ್ಬರಿಗೂ ನಡೆಯುವ ಲಾಭ ದೊಡ್ಡದು. ಕಾರ್ಬೈನ್ ಕಡ್ಡಾಯವಾದರೆ 6.5 ಜೊತೆಗೆ 77 ಗ್ರೇನ್ .223. ಮನೆಯಲ್ಲಿ .308 ಈಗಾಗಲೇ ಇದ್ದರೆ ಮೊದಲ ವರ್ಷ ಅದರಲ್ಲೇ ಆಡಿ. ಆ ಹಣ ತೋಟಾಕ್ಕೂ ಅಭ್ಯಾಸಕ್ಕೂ ಹೋಗಲಿ.

ಒಂದೇ ಲಾಟ್, ಮತ್ತು ವೇಗದ ಅಳತೆ

ಕಾರ್ಖಾನೆಯ ತೋಟಾ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆ (ಒಂದೇ ಬಾರಿಗೆ ತಯಾರಾದ ಕಂತಿನ ಗುರುತು) ನೋಡಿ. ಎರಡು ಮೂರು ಬೇರೆ ಲಾಟುಗಳ ಒಂದೊಂದು ಪೆಟ್ಟಿಗೆ ತಂದು ಹೊಡೆದು ನೋಡಿ, ಒಪ್ಪಿದ ಲಾಟಿನಲ್ಲಿ ಮ್ಯಾಚಿಗೂ ಅಭ್ಯಾಸಕ್ಕೂ ಸೇರಿ ಒಂದೇ ಬಾರಿಗೆ ಕೊಂಡುಬಿಡಿ. ಎರಡು ದಿನದ ಮ್ಯಾಚಿಗೆ ಬೋಲ್ಟ್ ರೈಫಲ್ಲಿಗೆ 200, ಝೀರೋ ಮತ್ತು ತಾಳೆಗೆ 60, ತಯಾರಿಗೆ 200 ಎಂದಿಟ್ಟುಕೊಂಡರೆ ಒಂದು ರೈಫಲ್ಲಿಗೆ 460 ಆಗುತ್ತದೆ. ಮನೆಯಲ್ಲೇ ತೋಟಾ ತುಂಬುವವರು ಮುದ್ರಿತ ಕೈಪಿಡಿಯ ಪ್ರಮಾಣ ಮೀರಬಾರದು. ಫೀಲ್ಡ್ ಮ್ಯಾಚಿನ ಧೂಳು, ಮಳೆ, ಬಿಸಿಲಿನಲ್ಲಿ ಒತ್ತಡದ ತುದಿಯಲ್ಲಿರುವ ತೋಟಾ ಬೋಲ್ಟನ್ನು ಕಚ್ಚಿಕೊಂಡು ಕೂರುತ್ತದೆ.

ವೇಗ ಅಳೆಯಲು ಈಗ ಅಂಗೈಯಗಲದ ಡಾಪ್ಲರ್ ರೇಡಾರ್ ಸಿಗುತ್ತದೆ. ಕನಿಷ್ಠ 20 ಈಡು ಅಳೆಯಿರಿ. ಐದು ಈಡಿನಲ್ಲಿ ಬಂದ ಚಂದದ ಅಂಕಿಯನ್ನು ನಂಬಿದವರೇ ಮ್ಯಾಚಿನ ದಿನ ಆಕಾಶ ನೋಡುವುದು. ಎರಡು ಅಂಕಿ ಬರೆದಿಟ್ಟುಕೊಳ್ಳಿ: ಸರಾಸರಿ ಮತ್ತು ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಸರಾಸರಿಯ ಸುತ್ತ ವೇಗಗಳು ಎಷ್ಟು ಚೆದುರಿವೆ ಎಂಬುದರ ಅಳತೆ. ಎರಡನೆಯದು ಸೆಕೆಂಡಿಗೆ 3 ಮೀಟರಿನ ಒಳಗಿದ್ದರೆ ತೃಪ್ತಿಪಡಿ. ಆಗ 20 ಈಡಿನಲ್ಲಿ ಅತಿ ನಿಧಾನ, ಅತಿ ವೇಗದವುಗಳ ಅಂತರ ಸುಮಾರು 11 ಮೀಟರ್ ಬರುತ್ತದೆ. 6.5ರಲ್ಲಿ 10 ಮೀಟರ್ ವೇಗದ ವ್ಯತ್ಯಾಸವೆಂದರೆ 800ರಲ್ಲಿ ಸುಮಾರು 0.2 ಮಿಲ್, 16 ಸೆಂಟಿಮೀಟರ್. ಡೀವಿಯೇಶನ್ 6 ಇರುವ ತೋಟಾದಲ್ಲಿ ನಿಮ್ಮ ತಪ್ಪೇನೂ ಇಲ್ಲದೆಯೇ ಗುಂಡುಗಳು 35 ಸೆಂಟಿಮೀಟರ್ ಎತ್ತರದಲ್ಲಿ ಹರಡುತ್ತವೆ. ಹಲಗೆ 30 ಸೆಂಟಿಮೀಟರ್ ಇದ್ದರೆ?

ಹೊಸ ನಳಿಗೆಯಾದರೆ ಅವಸರ ಬೇಡ. ಮೊದಲ ನೂರು, ನೂರೈವತ್ತು ಈಡಿನಲ್ಲಿ ವೇಗ ಏರುತ್ತಾ ಹೋಗಿ ಆಮೇಲೆ ನಿಲ್ಲುತ್ತದೆ. ಇಪ್ಪತ್ತನೆಯ ಈಡಿಗೆ ಅಳೆದು, ಯಾವ ದೂರಕ್ಕೆ ಎಷ್ಟು ಮಿಲ್ ಎಂಬ ಕೋಷ್ಟಕ ಮಾಡಿಸಿಕೊಂಡರೆ ಮ್ಯಾಚಿನಲ್ಲಿ ಎಲ್ಲ ಗುಂಡೂ ಮೇಲೆ ಹೋಗುತ್ತದೆ. ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಹಾಕಿ ಆಡುವುದಾದರೆ ಅಳತೆ, ಝೀರೋ ಎರಡೂ ಅದನ್ನು ಹಾಕಿಯೇ ಆಗಲಿ.

ಬಿಸಿಲಿನ ಲೆಕ್ಕ ಇನ್ನೊಂದು. ಆ ಎತ್ತರದ ಒಣನಾಡಿನಲ್ಲಿ ಬೆಳಗ್ಗೆ 5 ಡಿಗ್ರಿ ಇದ್ದು ಮಧ್ಯಾಹ್ನ 30 ತಲುಪುವುದು ವಿಶೇಷವೇನಲ್ಲ. ಶಾಖಕ್ಕೆ ಸುಲಭವಾಗಿ ಬದಲಾಗುವ ಮದ್ದಿನಲ್ಲಿ ಡಿಗ್ರಿಗೆ ಅರ್ಧ ಮೀಟರಿಗಿಂತ ಹೆಚ್ಚು ವೇಗ ಏರುತ್ತದೆ. 25 ಡಿಗ್ರಿಗೆ 14 ಮೀಟರ್ ಹತ್ತಿರ. ಶಾಖ ತಡೆಯುವ ಮದ್ದಿನಲ್ಲಿ ಅದು ಮೂರು ನಾಲ್ಕು ಮೀಟರಿಗೆ ನಿಲ್ಲಬಹುದು. ನಿಮ್ಮ ತೋಟಾದ ಸ್ವಭಾವ ತಿಳಿಯಲು ಐಸ್ ಇಟ್ಟ ಡಬ್ಬಿಯಲ್ಲಿ ಹತ್ತು, ನೆರಳಲ್ಲಿ ಹತ್ತು ಇಟ್ಟು ಎರಡು ಗಂಟೆ ಬಿಟ್ಟು ಹೊಡೆದು ನೋಡಿ. ತಣ್ಣಗಿನವನ್ನು ಒಂದೊಂದೇ ತೆಗೆದು ತೇವ ಒರೆಸಿ ಕೂಡಲೇ ಹೊಡೆಯಬೇಕು. ಕಾದ ನಳಿಗೆಯೊಳಗೆ ಒಂದು ನಿಮಿಷ ಕೂತರೆ ಅದೂ ಬಿಸಿಯೇ.

ಕೋಷ್ಟಕ ಮತ್ತು ಬೆಟ್ಟದ ಎತ್ತರ

ಬ್ಯಾಲಿಸ್ಟಿಕ್ ಆ್ಯಪ್‌ಗೆ ಕೊಡಬೇಕಾದ್ದು: ಅಳೆದ ವೇಗ, ಜಿ7 ಅಂಕಿ, ಸ್ಕೋಪಿನ ಎತ್ತರ, ಝೀರೋ ದೂರ, ಉಷ್ಣಾಂಶ ಮತ್ತು ಆ ಜಾಗದ ನಿಜವಾದ ವಾಯುಒತ್ತಡ. ಹವಾಮಾನ ವರದಿಯ ಒತ್ತಡ ಹಾಕಬೇಡಿ. ಅದು ಸಮುದ್ರ ಮಟ್ಟಕ್ಕೆ ತಿದ್ದಿದ ಅಂಕಿ. ಬೆಟ್ಟದ ಮೇಲೆ ಸುಳ್ಳು ಹೇಳುತ್ತದೆ. ಕೈಯಲ್ಲಿ ಹಿಡಿಯುವ ಗಾಳಿಮಾಪಕದಲ್ಲಿ ಸ್ಟೇಷನ್ ಪ್ರೆಶರ್ ಎಂದಿರುವುದನ್ನೇ ಬಳಸಿ.

ಇದು ಎಷ್ಟು ದೊಡ್ಡ ವ್ಯತ್ಯಾಸ? ನ್ಯೂ ಮೆಕ್ಸಿಕೊದ ರಟೋನ್ ಬಳಿಯ ವಿಟಿಂಗ್‌ಟನ್ ಸೆಂಟರ್ ಎಂಬ ಶೂಟಿಂಗ್ ತಾಣ ಸುಮಾರು 2000 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಸುಮಾರು 18 ಪ್ರತಿಶತ ಕಡಿಮೆ. 6.5ಕ್ಕೆ 800 ಮೀಟರಿನಲ್ಲಿ 7.0 ಬದಲು 6.4–6.5 ಮಿಲ್ ಸಾಕು. ಟೆಕ್ಸಾಸಿನ ಕರಾವಳಿಯಲ್ಲಿ ಅಭ್ಯಾಸ ಮಾಡಿ ಅದೇ ಚೀಟಿ ಹಿಡಿದು ಇಲ್ಲಿಗೆ ಬಂದವರ ಗುಂಡು ಎರಡು ಗೇಣಿನಷ್ಟು ಮೇಲೆ, 40 ಸೆಂಟಿಮೀಟರ್ ಮೀರಿ, ಹೋಗುತ್ತದೆ.

ಕೋಷ್ಟಕ ಬಂದ ಮೇಲೆ 600 ಮತ್ತು 800ರಲ್ಲಿ ಹೊಡೆದು ತಾಳೆ ನೋಡಿ. ಹೊಂದದಿದ್ದರೆ ಅನೇಕರು ತಕ್ಷಣ ವೇಗದ ಅಂಕಿಯನ್ನು ತಿರುಚುತ್ತಾರೆ. ರೇಡಾರ್ ಅಳೆದ ವೇಗವನ್ನು ಕೊನೆಯವರೆಗೂ ಮುಟ್ಟಬೇಡಿ. ಮೊದಲು ಝೀರೋ: ಹತ್ತು ಈಡಿನ ಗುಂಪಿನ ನಡು ನಿಜಕ್ಕೂ ಗುರಿಯ ಮೇಲಿದೆಯೇ? 0.1 ಮಿಲ್ ತಪ್ಪು ಇಲ್ಲೇ ಅಡಗಿರುತ್ತದೆ. ಆಮೇಲೆ ಸ್ಕೋಪ್: 100 ಮೀಟರಿನಲ್ಲಿ ತೂಕ ಕಟ್ಟಿದ ದಾರ ಇಳಿಬಿಟ್ಟು ಎಳೆದ ಲಂಬಗೆರೆಯ ಎತ್ತರದ ಹಲಗೆಯಿಟ್ಟು ಸ್ಕೋಪನ್ನು 10 ಮಿಲ್ ಏರಿಸಿ, ಗುಂಡು ಸರಿಯಾಗಿ ಒಂದು ಮೀಟರ್ ಏರಬೇಕು. 98 ಸೆಂಟಿಮೀಟರ್ ಏರಿದರೆ ನಿಮ್ಮ ಸ್ಕೋಪ್ ನೂರಕ್ಕೆ ಎರಡು ಕಡಿಮೆ ಕೊಡುತ್ತಿದೆ ಎಂದರ್ಥ. ಆ್ಯಪ್‌ನಲ್ಲಿ ಅದಕ್ಕೆ ತಿದ್ದುಪಡಿಯ ಜಾಗ ಇರುತ್ತದೆ. ಇವೆರಡೂ ಸರಿಯಿದ್ದರೆ ಮಾತ್ರ ಕೋಎಫಿಶಿಯೆಂಟ್ ಕಡೆ ಕೈ ಹಾಕಿ.

ಗಜವೋ ಮೀಟರೋ ಎಂಬುದನ್ನು ಇಬ್ಬರೂ ಸೇರಿ ತೀರ್ಮಾನಿಸಿ. ಅಮೆರಿಕದಲ್ಲಿ ಹೆಚ್ಚಿನವರು ಗಜದಲ್ಲೇ ಮಾತಾಡುತ್ತಾರೆ. ಒಬ್ಬನ ಲೇಸರ್ 800 ಗಜ ಎಂದದ್ದನ್ನು ಇನ್ನೊಬ್ಬ 800 ಮೀಟರ್ ಎಂದು ತಿರುಗಿಸಿದರೆ 6.5ರಲ್ಲಿ ತಪ್ಪು ಒಂದು ಮಿಲ್. ಹಲಗೆಯ ಎಷ್ಟೋ ಮೇಲೆ ಗುಂಡು ಹೋಗುತ್ತದೆ, ಧೂಳು ಕೂಡ ಕಾಣದು.

ಗಾಳಿ ಅಂಕ

ಇದೇ ಈ ಬರಹದ ತಿರುಳು. ಮೇಲಿನ ಪಟ್ಟಿಯಲ್ಲಿ 500ರ ಸಾಲನ್ನು ಮತ್ತೆ ನೋಡಿ: 0.8, 1.2, 1.6. ಬೋಲ್ಟ್ ರೈಫಲಿನವನು ಹೊಡೆದು "0.8 ಹಿಡಿದೆ, ನಡುವಿಗೆ ಬಿತ್ತು" ಎನ್ನುತ್ತಾನೆ. ಕಾರ್ಬೈನಿನವನು ಅದನ್ನೇ ಹಿಡಿದರೆ ಗುಂಡು ಹಲಗೆಯ ನಡುವಿನಿಂದ 40 ಸೆಂಟಿಮೀಟರ್ ಆಚೆ. ಆತ ಎರಡರಿಂದ ಗುಣಿಸಬೇಕಿತ್ತು. ದೂರವೂ ಬೇರೆಯಾದರೆ ಗುಣಾಕಾರವೂ ಕೈಕೊಡುತ್ತದೆ. ಆದ್ದರಿಂದ ಜೊತೆಗಾರನಿಗೆ ಮಿಲ್ ದಾಟಿಸಬೇಡಿ. ಗಾಳಿಯ ವೇಗ ದಾಟಿಸಿ. ಗಾಳಿ ಇಬ್ಬರಿಗೂ ಒಂದೇ.

ಇದಕ್ಕೆ ಪ್ರತಿ ರೈಫಲ್ಲಿಗೂ ಒಂದು ಗಾಳಿ ಅಂಕ ಗೊತ್ತುಮಾಡಿಕೊಳ್ಳಿ. ಪ್ರತಿ 100 ಮೀಟರಿಗೆ 0.1 ಮಿಲ್ ಸರಿಸುವ ಅಡ್ಡಗಾಳಿಯ ವೇಗವೇ ಆ ಅಂಕ. ಸಮುದ್ರ ಮಟ್ಟದಲ್ಲಿ 6.5ಕ್ಕೆ ಅದು ಸುಮಾರು 2.5, .308ಕ್ಕೆ 1.6, 16 ಇಂಚಿನ .223ಕ್ಕೆ 1.2. ಗಂಟೆಗೆ ಮೈಲಿಯಲ್ಲಿ ಯೋಚಿಸುವವರಿಗೆ 5.5, 3.6, 2.7.

ಬಳಸುವುದು ಹೀಗೆ. ಗಾಳಿ 5 ಮೀಟರ್, ಗುರಿ 600ರಲ್ಲಿ. 6.5ರವನು 5ನ್ನು 2.5ರಿಂದ ಭಾಗಿಸಿ 2 ಪಡೆಯುತ್ತಾನೆ. 600ಕ್ಕೆ ಮೂಲ 0.6, ಎರಡು ಪಟ್ಟು 1.2 ಮಿಲ್. .308ರವನಿಗೆ 5 ಭಾಗ 1.6, ಮೂರಕ್ಕಿಂತ ಸ್ವಲ್ಪ ಹೆಚ್ಚು, 1.9 ಮಿಲ್. ಕಾರ್ಬೈನಿನವನ ಗುರಿ 500ರಲ್ಲಿದ್ದರೆ 5 ಭಾಗ 1.2, ನಾಲ್ಕು ಚಿಲ್ಲರೆ, 0.5ರಿಂದ ಗುಣಿಸಿ 2.1 ಮಿಲ್. ಮಗ್ಗಿ ಬಂದವನಿಗೆ ಮೂರು ಸೆಕೆಂಡಿನ ಕೆಲಸ.

ತಿರುಗಿ ಲೆಕ್ಕ ಹಾಕುವುದು ಇನ್ನೂ ಮುಖ್ಯ. ಮೊದಲನೆಯವನು 600ರಲ್ಲಿ ಬಲಕ್ಕೆ 1.0 ಹಿಡಿದು ನಡುವಿಗೆ ಹೊಡೆದ. 1.0 ಭಾಗ 0.6, ಗುಣಿಸು 2.5: ಗಾಳಿ ನಾಲ್ಕು ಚಿಲ್ಲರೆ ಮೀಟರ್. ಆತ ಹೇಳಬೇಕಾದ್ದು ಇಷ್ಟೇ: "ಬಲದಿಂದ ನಾಲ್ಕು." ಗಾಳಿಮಾಪಕ ಅಳೆಯುವುದು ನಿಮ್ಮ ಮೂಗಿನ ಮುಂದಿನ ಗಾಳಿಯನ್ನು, ಗುಂಡು ಅಳೆದು ಬಂದದ್ದು ಇಡೀ ಕಣಿವೆಯ ಗಾಳಿಯನ್ನು. ಎರಡೂ ಬೇರೆಯಾದಾಗ ಗುಂಡನ್ನೇ ನಂಬಿ.

ಎತ್ತರಕ್ಕೆ ಹೋದಾಗ ಅಂಕ ಬದಲಾಗುತ್ತದೆ. 2000 ಮೀಟರಿನಲ್ಲಿ 6.5ರ ಅಂಕ 3ನ್ನು ದಾಟುತ್ತದೆ. ಮ್ಯಾಚಿನ ಹಿಂದಿನ ಸಂಜೆ ಆ್ಯಪ್‌ನಲ್ಲಿ ಅಲ್ಲಿನ ಒತ್ತಡ ಹಾಕಿ, 500 ಮೀಟರಿಗೆ ಸರಿಯಾಗಿ 0.5 ಮಿಲ್ ಬರುವವರೆಗೆ ಗಾಳಿಯ ವೇಗ ಬದಲಾಯಿಸುತ್ತಾ ಹೋಗಿ. ನಿಂತ ಅಂಕಿಯೇ ನಿಮ್ಮ ಅಂಕ. ಟೇಪಿನ ಮೇಲೆ ದಪ್ಪಕ್ಕೆ ಬರೆದು ರೈಫಲಿನ ಹಿಂಬದಿಗೆ ಅಂಟಿಸಿ. ಜೊತೆಗಾರನ ಅಂಕವೂ ಅಲ್ಲೇ ಪಕ್ಕದಲ್ಲಿರಲಿ.

ಗಾಳಿ ನೇರ ಅಡ್ಡ ಬೀಸದಿದ್ದರೆ ಕಡಿತ ಮಾಡಿ: ಗುಂಡಿನ ದಾರಿಗೆ 30 ಡಿಗ್ರಿ ಓರೆಯಾಗಿದ್ದರೆ ಅರ್ಧ, 45 ಇದ್ದರೆ ಹತ್ತಕ್ಕೆ ಏಳು. ಕಡಿತ ಮಾಡಿದ ಮೇಲಿನ ಅಂಕಿಯನ್ನೇ ಹೇಳುವುದೋ, ಪೂರ್ತಿ ಗಾಳಿ ಹೇಳುವುದೋ ಎಂಬುದು ಮೊದಲೇ ಗೊತ್ತಾಗಿರಲಿ. ಇಬ್ಬರೂ ಒಂದೊಂದು ಬಾರಿ ಕಡಿತ ಮಾಡಿ ಗಾಳಿಯನ್ನು ಕಾಲುಭಾಗಕ್ಕೆ ಇಳಿಸಿಬಿಡುವುದುಂಟು.

ಹೇಳುವ ಮಾತು, ಹೊಡೆಯುವ ಸರದಿ

ಎರಡು ಬಗೆಯ ಮಾತುಗಳಿವೆ, ಕಲಸಬಾರದು. ಹೊಡೆಯುವ ಮೊದಲು ಹೇಳುವುದು ಗಾಳಿ. ಗುಂಡು ತಪ್ಪಿದ ಮೇಲೆ ಹೇಳುವುದು ತಿದ್ದುಪಡಿ, ಅದು ಮಿಲ್‌ನಲ್ಲೇ. ಏಕೆಂದರೆ ಗುಂಡು ಬಿದ್ದ ಜಾಗದಿಂದ ಹಲಗೆಯ ನಡುವಿಗೆ ಇರುವ ಅಂತರವನ್ನು ಯಾರ ಸ್ಕೋಪಿನಲ್ಲಿ ಅಳೆದರೂ ಅಷ್ಟೇ ಬರುತ್ತದೆ, ತೋಟಾ ಯಾವುದಾದರೇನು. "ಬಲ 0.3" ಎಂದರೆ ಬಲಕ್ಕೆ ಇನ್ನೂ 0.3 ಹಿಡಿ ಎಂದೇ ಅರ್ಥ. ಗುಂಡು ಬಲಕ್ಕೆ ಬಿತ್ತು ಎಂದಲ್ಲ. ಬಿದ್ದ ಜಾಗವನ್ನು ಬಾಯಿಬಿಟ್ಟು ಹೇಳುವ ಅಭ್ಯಾಸವನ್ನೇ ಬಿಡಿ. ಗಾಳಿ ಬರುವ ಕಡೆಯನ್ನು ಹೆಸರಿಸಿದರೆ ಹಿಡಿಯಬೇಕಾದ ಕಡೆಯೂ ಅದೇ, ಗೊಂದಲವಿಲ್ಲ.

ನಿಯಮ ಅಡ್ಡಬರದಿದ್ದರೆ 6.5 ಮೊದಲು ಹೊಡೆಯಲಿ. ಅದರ ಪೆಟ್ಟು ಹಲಗೆಯ ಮೇಲೆ ಸ್ಪಷ್ಟ, ತಪ್ಪಿದರೆ ಏಳುವ ಧೂಳೂ ದೊಡ್ಡದು. 600 ಮೀಟರಿನಲ್ಲಿ .223ರ ಗುಂಡು ಹೊತ್ತಿರುವ ಶಕ್ತಿ 400 ಜೂಲ್ ಕೂಡ ಇಲ್ಲ, 6.5ರದು 1400 ಮೀರಿರುತ್ತದೆ. ಹುಲ್ಲಿನ ನಡುವೆ .223 ತಪ್ಪಿದ್ದು ಎಷ್ಟೋ ಸಲ ಕಾಣುವುದೇ ಇಲ್ಲ. ಕಾರ್ಬೈನಿನವನು ಅಷ್ಟರಲ್ಲಿ ಕಣ್ಣು ದುರ್ಬೀನಿಗೆ ಹಚ್ಚಿರಬೇಕು, ಮ್ಯಾಗಜಿನ್ ಹುಡುಕುತ್ತಾ ಕೂತಿರಬಾರದು.

ಹೆಗಲಿಗೆ ಹೆಗಲು ತಾಗಿ ಮಲಗುವಾಗ ಎರಡೂ ನಳಿಗೆಗಳ ತುದಿ ಒಂದೇ ಸಾಲಿನಲ್ಲಿರಲಿ. ಹಿಂದೆ ಉಳಿದವನ ಮಜಲ್ ಬ್ರೇಕ್ (ಒದೆ ತಗ್ಗಿಸಲು ನಳಿಗೆಯ ತುದಿಗೆ ಹಾಕುವ ಸಾಧನ) ಮುಂದಿನವನ ಮುಖಕ್ಕೆ ಗಾಳಿ, ಮರಳು, ಸದ್ದು ಮೂರನ್ನೂ ರಾಚುತ್ತದೆ. ಕಿವಿಯೊಳಗೆ ಬಿರಡೆ, ಮೇಲೆ ಮಫ್, ಎರಡೂ ಬೇಕು. ಬ್ರೇಕಿನ ಪಕ್ಕ ಒಂದೇ ಸಾಲದು.

ಕೆಡುವುದು ಎಲ್ಲಿ

ತೋಟಾ ಅದಲುಬದಲಾಗುವುದು ಎಲ್ಲಕ್ಕಿಂತ ಅಪಾಯದ್ದು. .308 ಮತ್ತು 6.5 ಕ್ರೀಡ್‌ಮೋರ್ ಒಂದೇ ಮಾದರಿಯ ಮ್ಯಾಗಜಿನ್‌ನಲ್ಲಿ ಕೂರುತ್ತವೆ, ತಳದ ಅಳತೆಯೂ ಒಂದೇ. ಅವಸರದಲ್ಲಿ ಜೊತೆಗಾರನ ಮ್ಯಾಗಜಿನ್ ಸಿಕ್ಕಿಸಿದರೆ ತಪ್ಪು ತೋಟಾ ನಳಿಗೆಯ ಬಾಯಿಗೆ ಹೋಗುತ್ತದೆ. .223 ಕಾರ್ಬೈನ್ ಇರುವ ಜೋಡಿಯ ಚೀಲದಲ್ಲಿ .300 ಬ್ಲ್ಯಾಕೌಟ್ ಎಂಬ ತೋಟಾ ಒಂದೇ ಒಂದು ಇರಕೂಡದು. ಅದು .223ರ ಮ್ಯಾಗಜಿನ್‌ನಲ್ಲಿ ಹಿಡಿಯುತ್ತದೆ, ಕೆಲವೊಮ್ಮೆ ನಳಿಗೆಗೂ ನುಗ್ಗುತ್ತದೆ, ಹೊಡೆದರೆ ರೈಫಲ್ ಸಿಡಿಯುತ್ತದೆ. ಪ್ರತಿ ರೈಫಲ್ಲಿಗೂ ಒಂದು ಬಣ್ಣದ ಟೇಪ್. ಮ್ಯಾಗಜಿನ್, ಡಬ್ಬಿ, ಬೋಲ್ಟಿನ ಹಿಡಿ ಮೂರಕ್ಕೂ ಅದೇ ಬಣ್ಣ. ಹಾಗೆಯೇ 5.56 ಎಂದು ಮುದ್ರಿಸಿದ ತೋಟಾವನ್ನು .223 ಎಂದಷ್ಟೇ ಕೊರೆದಿರುವ ನಳಿಗೆಯಲ್ಲಿ ಹಾಕಬೇಡಿ, ಒತ್ತಡ ಹೆಚ್ಚು.

ಸದ್ದು ಸಣ್ಣದಾಗಿ, ಒದೆ ಮೆತ್ತಗೆ ಬಂದರೆ ಅಲ್ಲೇ ನಿಲ್ಲಿಸಿ. ಮದ್ದಿಲ್ಲದ ತೋಟಾದ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಬೋಲ್ಟ್ ತೆಗೆದು ನಳಿಗೆಯ ಆಚೆ ಬೆಳಕು ಕಾಣುವವರೆಗೆ ಮುಂದಿನ ಈಡು ಬೇಡ. ಸ್ಟೇಜ್ ಹೋದರೆ ಹೋಗಲಿ.

ಗುರಿ ಸಿಗುವ ಮೊದಲೇ ತೋಟಾ ಏರಿಸಿಟ್ಟು ಹುಡುಕುತ್ತಾ ಕೂರುವವರಿದ್ದಾರೆ. ಸುರಕ್ಷತೆಯ ಮಾತು ಹಾಗಿರಲಿ, ಕಾದ ನಳಿಗೆಯಲ್ಲಿ ಬೆಂದ ಮದ್ದು ವೇಗ ಏರಿಸಿ ಗುಂಡನ್ನು ಹಲಗೆಯ ಮೇಲಂಚಿಗೆ ಕಳಿಸುತ್ತದೆ. ಟ್ರಕ್ಕಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ಪೆಟ್ಟಿಗೆಯ ಕಥೆಯೂ ಅದೇ. ಮಳೆಯಲ್ಲಿ ತೋಟಾ ಒರೆಸಿ ಹಾಕಿ. ಒದ್ದೆ ಹಿತ್ತಾಳೆ ನಳಿಗೆಯ ಗೋಡೆಯನ್ನು ಹಿಡಿದುಕೊಳ್ಳದೆ ಬೋಲ್ಟಿನ ಮೇಲೆ ಹೊರೆ ಹಾಕುತ್ತದೆ. ಮ್ಯಾಗಜಿನ್‌ಗೆ ಎಣ್ಣೆ ಬೇಡ. ಆ ಸೀಮೆಯ ಧೂಳು ಹಿಟ್ಟಿನಷ್ಟು ನುಣುಪು, ಎಣ್ಣೆ ಸೇರಿದರೆ ಅಂಟು.

ಹೊರೆ

6.5ರ ಒಂದು ತುಂಬಿದ ತೋಟಾ ಸುಮಾರು 22 ಗ್ರಾಮ್, .308ರದು 25, .223ರದು 13ರ ಹತ್ತಿರ. ಒಬ್ಬನ ಬೆನ್ನಿಗೆ ಎಲ್ಲವನ್ನೂ ಹೇರಬೇಡಿ. ದಿನಕ್ಕೆ ಬೇಕಾದ್ದರ ಮೇಲೆ 20 ಹೆಚ್ಚು ಇಟ್ಟು ಉಳಿದದ್ದನ್ನು ವಾಹನದ ನೆರಳಿನಲ್ಲಿ ಬಿಡಿ. ವಿಮಾನದಲ್ಲಿ ಬರುವುದಾದರೆ ಅಮೆರಿಕದ ದೊಡ್ಡ ಏರ್‌ಲೈನ್‌ಗಳು ಪ್ರಯಾಣಿಕರೊಬ್ಬರಿಗೆ ಸಾಮಾನ್ಯವಾಗಿ 11 ಪೌಂಡ್, ಅಂದರೆ 5 ಕಿಲೋ ತೋಟಾವನ್ನಷ್ಟೇ ಚೆಕ್-ಇನ್ ಸಾಮಾನಿನಲ್ಲಿ ಬಿಡುತ್ತವೆ, ಅದೂ ತೋಟಾಕ್ಕೆಂದೇ ಮಾಡಿದ ಪೆಟ್ಟಿಗೆಯಲ್ಲಿ. 6.5ರ 200 ತೋಟಾ ಪೆಟ್ಟಿಗೆ ಸಮೇತ ಆ ಮಿತಿಯೊಳಗೆ ಕೂರುತ್ತದೆ. .308ರ 200 ಕೂರುವುದಿಲ್ಲ. ಇಪ್ಪತ್ತೈದು ಮೂವತ್ತನ್ನು ಜೊತೆಗಾರನ ಪೆಟ್ಟಿಗೆಗೆ ದಾಟಿಸಬೇಕು.